ಪರದೆಯ ಮೇಲೆ ಕಂಬ ಕಾಣುವುದಿಲ್ಲ

ಹಕ್ಕಿಗಳ ಜಾಡು ಹಿಡಿಯುವ ಕೆಲಸಕ್ಕೆ ಸೇರಬೇಕೆಂದಿರುವ ಹುಡುಗ ಹುಡುಗಿಯರು ಈಗಲೂ ನನಗೆ ಫೋನ್ ಮಾಡುತ್ತಾರೆ. ಯಾವ ಬೈನಾಕ್ಯುಲರ್ ಕೊಳ್ಳಬೇಕು, ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು ಕೇಳುತ್ತಾರೆ. ಮೇಲಧಿಕಾರಿ ಸುಳ್ಳು ಹೇಳಿದರೆ ಏನು ಮಾಡಬೇಕು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ನನ್ನ ಕೊನೆಯ ವರ್ಷಗಳಲ್ಲಿ ನನಗೆ ಅದೇ ಗೊತ್ತಿರಬೇಕಿತ್ತು. ಯಾವ ಪುಸ್ತಕದಲ್ಲೂ ಅದಕ್ಕೊಂದು ಪಾಠ ಇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಓದಿ ಬೇಸರವಾದರೆ ಆಗಲಿ.

ನಾವು ಬಳ್ಳಾರಿಯವರು. 2014ರಲ್ಲಿ ನನ್ನ ಗಂಡ ಪ್ರಹ್ಲಾದ ಅವರಿಗೆ ಬ್ಯಾಂಕಿನಿಂದ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಅಲ್ಲಿಯವರೆಗೆ ನಾನು ಕರ್ನಾಟಕದ ಕೆರೆಗಳ ಏರಿಯ ಮೇಲೆ ಹಕ್ಕಿ ಎಣಿಸಿಕೊಂಡಿದ್ದವಳು. ಅಲ್ಲಿಗೆ ಹೋದ ಮೇಲೆ ಮಧುರವಾಡದಲ್ಲಿದ್ದ ಒಂದು ಖಾಸಗಿ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಹೊಸ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಆಫೀಸು. ಕೆಳಗೆ ಒಂದು ಟ್ಯೂಷನ್ ಸೆಂಟರು. ಇಡೀ ದಿನ ಮಕ್ಕಳು ಗಣಿತದ ಸೂತ್ರ ಒಪ್ಪಿಸುವ ಸದ್ದಿನ ಮೇಲೆ ಕುಳಿತು ನಾವು ಹದ್ದುಗಳ ವಿಚಾರ ಮಾಡುತ್ತಿದ್ದೆವು.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಉತ್ತರದ ದೂರದ ದೇಶಗಳಿಂದ ಚಳಿಗಾಲ ಕಳೆಯಲು ಚುಕ್ಕೆ ಹದ್ದು, ಸೆಳೆವ, ಡೇಗೆಯಂಥ ಬೇಟೆ ಹಕ್ಕಿಗಳು ಕೃಷ್ಣಾ ನದಿಯ ಬಯಲಿಗೆ, ಅಲ್ಲಿನ ಗದ್ದೆ ಮತ್ತು ಮೀನಿನ ಕೆರೆಗಳಿಗೆ ಬರುತ್ತವೆ. ಮಾರ್ಚ್ ಬಂದು ನೆಲ ಕಾಯತೊಡಗಿದರೆ ವಾಪಸು ಹೊರಡುತ್ತವೆ. ಬಿಸಿಲು ಏರಿದ ಮೇಲೆ ನೆಲದಿಂದ ಎದ್ದ ಬಿಸಿಗಾಳಿಯ ಸುಳಿಯಲ್ಲಿ ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರಿ, ಅಲ್ಲಿಂದ ಜಾರಿಕೊಂಡು ಮುಂದಿನ ಸುಳಿ ಹಿಡಿಯುತ್ತವೆ. ಅವು ಯಾವ ದಾರಿ ಹಿಡಿಯುತ್ತವೆ, ಎಲ್ಲಿ ತಂಗುತ್ತವೆ, ಯಾವುದು ದಾರಿಯಲ್ಲೇ ಸಾಯುತ್ತದೆ ಎಂದು ತಿಳಿಯುವುದು ನಮ್ಮ ಕೆಲಸ.

ನಾನು ಸೇರಿದ ವರ್ಷವೇ ಚಂಡಮಾರುತ ಬಂದು ಊರಿನ ಗುಡ್ಡಗಳ ಮರಗಳನ್ನೆಲ್ಲ ಮುರಿದು ಹಾಕಿತ್ತು. ಮುಂದಿನ ವಸಂತದಲ್ಲಿ ಮಧುರವಾಡದ ಹಿಂದಿನ ಗುಡ್ಡ ಹತ್ತಿದರೆ ಎಲೆಯಿಲ್ಲದ ಮೋಟುಗಳು, ಅವುಗಳ ಮೇಲೆ ಕೂತ ಹದ್ದುಗಳು ಬರಿಗಣ್ಣಿಗೇ ಕಾಣುತ್ತಿದ್ದವು. ಆಗ ನಮ್ಮಲ್ಲಿ ಹಳೆಯ ರೇಡಿಯೋ ಯಂತ್ರ ಮಾತ್ರ ಇತ್ತು. ಮೀನಿನ ಮುಳ್ಳಿನಂಥ ಆಂಟೆನಾ ಎತ್ತಿ ಹಿಡಿದು ನಾಲ್ಕೂ ದಿಕ್ಕಿಗೆ ತಿರುಗಿಸಬೇಕು. ಹಕ್ಕಿಯ ಬೆನ್ನಿಗೆ ಕಟ್ಟಿದ ಯಂತ್ರ ಇರುವ ಕಡೆಗೆ ಬಂದಾಗ ಟಿಕ್ ಟಿಕ್ ಸದ್ದು ಜೋರಾಗುತ್ತದೆ. ಒಂದು ದಿನ ಗುಡ್ಡದ ಬುಡದ ಕಾಲೋನಿಯಲ್ಲಿ ಹಾಗೆ ನಿಂತಿದ್ದಾಗ ಒಬ್ಬ ಗೃಹಿಣಿ ಮಹಡಿಯಿಂದ ಕೂಗಿದರು: "ಅಮ್ಮಾ, ಚಂಡಮಾರುತ ಬಂದ್ಮೇಲೆ ನಮ್ಮನೆ ಟಿವಿಗೂ ಚಾನೆಲ್ ಬರ್ತಿಲ್ಲ, ಹಾಗೇ ಇತ್ತ ಬಂದು ಹೋಗಿ!"

ನಮ್ಮ ಡ್ರೈವರ್ ಅಪ್ಪಲರಾಜು ಆಕೆಗೆ ವಿವರಿಸಲು ಹೋಗಿ ಸೋತು, "ನಾಳೆ ಬರ್ತೀವಮ್ಮಾ" ಎಂದುಬಿಟ್ಟ. ಅಪ್ಪಲರಾಜು ಶ್ರೀಕಾಕುಳಂ ಕಡೆಯವನು. ನನ್ನ ಎಲ್ಲಾ ವಸಂತಗಳಲ್ಲೂ ಅವನೇ ಜೊತೆಗಿದ್ದ.

ರೇಡಿಯೋ ಯಂತ್ರ ಬಹಳ ಕಷ್ಟ ಕೊಡುತ್ತಿತ್ತು, ನಿಜ. ಹದ್ದು ಗುಡ್ಡದ ಆಚೆ ಹೋದರೆ ಮುಗಿಯಿತು. ಆದರೆ ಅದರಲ್ಲಿ ಒಂದು ಗುಣವಿತ್ತು. ಹಕ್ಕಿ ಇರುವಲ್ಲಿಗೆ ನಾವೇ ಹೋಗಬೇಕಿತ್ತು. ಹೋದ ಮೇಲೆ ಅಲ್ಲಿ ಏನಿದೆ, ಯಾರಿದ್ದಾರೆ ಎಂದು ಕಣ್ಣಿಗೆ ಬೀಳಲೇಬೇಕಿತ್ತು.

ಒಂದೆರಡು ವರ್ಷದಲ್ಲಿ ಹೊಸ ಯಂತ್ರಗಳು ಬಂದವು. ಬಿಸಿಲಿನಲ್ಲಿ ಚಾರ್ಜ್ ಆಗುವ, ಮೊಬೈಲ್ ಟವರ್ ಮೂಲಕ ತಾನೆಲ್ಲಿದ್ದೇನೆಂದು ತಾನೇ ತಿಳಿಸುವ ಯಂತ್ರಗಳು. ಅವುಗಳ ಜೊತೆಗೇ ಹೊಸ ನಿರ್ದೇಶಕರೂ ಬಂದರು. ಹೆಸರು ಬೇಡ. ನಾವೆಲ್ಲ ಡಾಕ್ಟರ್ ಸಾಹೇಬರು ಎನ್ನುತ್ತಿದ್ದೆವು, ಇಲ್ಲಿಯೂ ಹಾಗೇ ಇರಲಿ. ಅವರು ಗುಡ್ಡ ಹತ್ತಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಅವರ ಕೋಣೆಯ ಗೋಡೆಗೆ ದೊಡ್ಡ ಪರದೆ ಬಂತು. ಅದರ ಮೇಲೆ ನಕಾಶೆ, ನಕಾಶೆಯ ಮೇಲೆ ಬಣ್ಣಬಣ್ಣದ ಚುಕ್ಕೆ. ಒಂದೊಂದು ಚುಕ್ಕೆ ಒಂದೊಂದು ಹದ್ದು. ಪತ್ರಿಕೆಯವರು ಬಂದರೆ ಆ ಪರದೆಯ ಮುಂದೆ ಕೈಕಟ್ಟಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಆ ಪರದೆ ಮೊದಲ ವರ್ಷವೇ ನಮ್ಮ ಮಾನ ಕಳೆಯಿತು. ಮೀನಿನ ಕೆರೆಗಳ ಹತ್ತಿರ ಯಂತ್ರ ಕಟ್ಟಿಸಿಕೊಂಡಿದ್ದ ಒಂದು ಹದ್ದು ಮಾರ್ಚ್ ಮೊದಲಲ್ಲೇ ಈಶಾನ್ಯಕ್ಕೆ ಹೊರಟಿತು. ವೇಗವೂ ಚೆನ್ನಾಗಿತ್ತು. ಡಾಕ್ಟರ್ ಸಾಹೇಬರು ಕುಣಿದಾಡುವುದೊಂದು ಬಾಕಿ. ಈ ವರ್ಷದ ವಲಸೆ ಬೇಗ ಶುರುವಾಗಿದೆ, ಇದು ಹವಾಮಾನ ಬದಲಾವಣೆಯ ಗುರುತು ಎಂದು ಪತ್ರಿಕೆಗಳಿಗೆ ಹೇಳಿಕೆ ಕೊಟ್ಟುಬಿಟ್ಟರು. ನಾನು ನಕಾಶೆಯನ್ನು ಹಿಗ್ಗಿಸಿ ನೋಡಿದೆ. ಆ ಹದ್ದು ಸಾಗಿದ ದಾರಿಯ ಚುಕ್ಕೆಗಳು ಹೆದ್ದಾರಿಯ ಮೇಲೇ ಸಾಲಾಗಿದ್ದವು. ರಸ್ತೆ ತಿರುಗಿದ ಕಡೆ ಅವೂ ತಿರುಗಿದ್ದವು. ಎರಡು ಕಡೆ ನಿಂತು ಹೊರಟಿದ್ದವು.

"ಸರ್, ಹದ್ದು ಟೋಲ್ ಗೇಟಿನಲ್ಲಿ ನಿಲ್ಲುತ್ತದೆಯೇ?" ಎಂದು ಕೇಳಿದೆ.

"ಮೇಡಂ, ಹೆದ್ದಾರಿಯ ಡಾಂಬರು ಕಾಯುತ್ತದೆ. ಅಲ್ಲಿ ಬಿಸಿಗಾಳಿ ಚೆನ್ನಾಗಿ ಏಳುತ್ತದೆ. ಹಕ್ಕಿ ರಸ್ತೆಯನ್ನೇ ಹಿಡಿದು ಹಾರುತ್ತಿದೆ. ಇದೂ ಒಂದು ಹೊಸ ಸಂಗತಿ, ಬರೆದುಕೊಳ್ಳಿ" ಎಂದರು.

ಹೊಸ ಸಂಗತಿ ಅಂದು ಸಂಜೆ ವಿಶಾಖಪಟ್ಟಣದ ಹೊರವಲಯದ ಲಾರಿ ನಿಲ್ದಾಣದಲ್ಲಿ ಸಿಕ್ಕಿತು. ಮೀನು ಸಾಗಿಸುವ ಲಾರಿ. ಹದ್ದಿನ ಬೆನ್ನಿನ ಪಟ್ಟಿ ಸವೆದು ಯಂತ್ರ ಕೆರೆಯ ದಂಡೆಯಲ್ಲಿ ಬಿದ್ದಿತ್ತು. ಯಂತ್ರದ ಮೇಲಿನ ಮಿನುಗುವ ಗಾಜು ಕಂಡು ಲಾರಿ ಡ್ರೈವರ್ ಎತ್ತಿಕೊಂಡು, ಸ್ಟಿಯರಿಂಗ್ ಮುಂದೆ ದೇವರ ಪಟಕ್ಕೆ ಕಟ್ಟಿಕೊಂಡಿದ್ದ. ಅಪ್ಪಲರಾಜು ಕೇಳಿದೊಡನೆ ಬಿಚ್ಚಿ ಕೊಟ್ಟ. "ಇದು ಬಂದ ಮೇಲೆ ಟಯರ್ ಪಂಕ್ಚರ್ ಆಗಿಲ್ಲ ಸಾರ್" ಎಂದು ಸ್ವಲ್ಪ ಬೇಜಾರೂ ಪಟ್ಟುಕೊಂಡ.

ನಾನು ಆಫೀಸಿನಲ್ಲಿ ಯಂತ್ರವನ್ನು ಡಾಕ್ಟರ್ ಸಾಹೇಬರ ಮೇಜಿನ ಮೇಲಿಟ್ಟೆ. ಅದಿನ್ನೂ ಮೀನಿನ ವಾಸನೆ ಹೊಡೆಯುತ್ತಿತ್ತು. ಪತ್ರಿಕೆಗೆ ತಿದ್ದುಪಡಿ ಕೊಡೋಣ ಎಂದೆ. "ಯಾರು ನೆನಪಿಟ್ಟುಕೊಂಡಿರುತ್ತಾರೆ, ಬಿಡಿ" ಎಂದರು. ಅವತ್ತು ಎಲ್ಲರೂ ನಕ್ಕೆವು. ಲಾರಿ ಡ್ರೈವರನಿಗೆ ಏನೂ ಆಗಲಿಲ್ಲವಲ್ಲ, ಅದಕ್ಕೇ ನಗು ಬಂತು.

2017ರ ಹೊತ್ತಿಗೆ ಪ್ರಹ್ಲಾದ ಅವರಿಗೆ ವಿಜಯವಾಡಕ್ಕೆ ವರ್ಗವಾಯಿತು. ನಾನೂ ಅಲ್ಲಿನ ಕ್ಷೇತ್ರ ಕೇಂದ್ರಕ್ಕೆ ಕೇಳಿ ಹೋದೆ. ರಾಜ್ಯ ಎರಡಾಗಿ ಹೊಸ ರಾಜಧಾನಿ ಅಲ್ಲಿಗೇ ಬರುತ್ತದೆ ಎಂದಾದ ಮೇಲೆ ಆ ಭಾಗದ ಭೂಮಿಗೆಲ್ಲ ಚಿನ್ನದ ಬಣ್ಣ ಬಂದಿತ್ತು. ಎಲ್ಲಿ ನೋಡಿದರೂ ಲೇಔಟು, ಲೇಔಟಿಗೊಂದು ಕಮಾನು, ಕಮಾನಿನ ಹಿಂದೆ ಖಾಲಿ ಹೊಲ. ಆದರೆ ಕರೆಂಟಿನ ಕಂಬಗಳು ಮಾತ್ರ ಮನೆಗಳಿಗಿಂತ ಮೊದಲೇ ನಿಂತಿದ್ದವು. ಅಂಥದ್ದೇ ಒಂದು ಲೇಔಟ್ ಕಂಪನಿ ನಮ್ಮ ಯೋಜನೆಗೆ ಪ್ರಾಯೋಜಕ ಸಂಸ್ಥೆಯಾಗಿ ಬಂತು. ನಮ್ಮ ಜೀಪಿನ ಬಾಗಿಲ ಮೇಲೆ ಅವರ ಗುರುತು. ಹದ್ದುಗಳಿಗೆ ಹೆಸರಿಡುವ ಹಕ್ಕೂ ಅವರದೇ.

ಆ ಚಳಿಗಾಲ ನಾವು ಒಂದು ದೊಡ್ಡ ಹೆಣ್ಣು ಚುಕ್ಕೆ ಹದ್ದಿಗೆ ಯಂತ್ರ ಕಟ್ಟಿದೆವು. ಕಂಪನಿಯವರು ಅದಕ್ಕೆ ಇಂಗ್ಲಿಷಿನಲ್ಲಿ ಏನೋ ರಾಣಿ ಎಂದು ಹೆಸರಿಟ್ಟರು. ಅಪ್ಪಲರಾಜು ಕರೆದದ್ದು ಪೆದ್ದಮ್ಮ ಎಂದು. ಅಂದರೆ ದೊಡ್ಡಮ್ಮ. ನಾನು ಕೈಯಲ್ಲಿ ಹಿಡಿದಾಗ ಅದು ಹೆದರಲಿಲ್ಲ, ನನ್ನನ್ನು ನೋಡಿದ ರೀತಿಗೆ ನಾನೇ ಕಣ್ಣು ತಗ್ಗಿಸಿದೆ. ನೀರುಕೋಳಿ, ಕಪ್ಪೆ, ಸತ್ತ ಮೀನು, ಸಿಕ್ಕಿದ್ದನ್ನು ತಿಂದುಕೊಂಡು ಮಂಗಳಗಿರಿಯ ಆಚೆಯ ಕಾಲುವೆಗಳ ಮೇಲೆ ಚಳಿಗಾಲವಿಡೀ ಸುತ್ತಾಡಿತು. ಮಾರ್ಚ್ ಕೊನೆಗೆ ಎತ್ತರೆತ್ತರಕ್ಕೆ ಏರಿ ಇಳಿಯತೊಡಗಿತು. ಇನ್ನೇನು ಹೊರಡುತ್ತದೆ ಎಂದು ನಾವು ಕಾಯುತ್ತಿದ್ದೆವು.

ಒಂದು ಬೆಳಿಗ್ಗೆ ಪರದೆಯ ಮೇಲೆ ಪೆದ್ದಮ್ಮನ ಚುಕ್ಕೆ ಒಂದೇ ಕಡೆ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದ ನೆಲದ ಮೇಲೇ ಸರಿದು ಹೋಗಿ, ಕಾಲುವೆಯ ದಂಡೆಯಲ್ಲಿ ಮತ್ತೆ ನಿಂತಿತು. ಹದ್ದು ಹಾಗೆ ನಡೆದು ಹೋಗುವುದಿಲ್ಲ. ಯಾರೋ ಎತ್ತಿಕೊಂಡು ಹೋಗಿದ್ದಾರೆ.

ಅಷ್ಟು ನನಗೂ ಅರ್ಥವಾಯಿತು. ಮಧುರವಾಡದಲ್ಲಿ ಪರದೆಯ ಮುಂದೆ ಕುಳಿತಿದ್ದ ಡಾಕ್ಟರ್ ಸಾಹೇಬರಿಗೂ ಅರ್ಥವಾಯಿತು. ನಾನು ಜೀಪು ಹತ್ತಿದೆ. ಅವರು ಫೋನ್ ಎತ್ತಿದರು.

ನಾನು ಆ ಕಾಲುವೆ ತಲುಪುವುದರೊಳಗೆ ಪೊಲೀಸರು ಬಂದು ಹೋಗಿದ್ದರು. ದಂಡೆಯ ಮೇಲೆ ಟಾರ್ಪಾಲಿನ ಗುಡಾರ, ಅದರ ಪಕ್ಕ ಬಲೆ ಕಟ್ಟಿದ ದೊಡ್ಡಿ. ಬಾತು ಮೇಯಿಸುವವರ ಬಿಡಾರ. ಕೊಯ್ಲಾದ ಗದ್ದೆಗಳಲ್ಲಿ ಉದುರಿದ ಭತ್ತ, ಬಸವನಹುಳು ಮೇಯಿಸುತ್ತಾ ಊರಿಂದೂರಿಗೆ ಬಾತುಗಳನ್ನು ಹೊಡೆದುಕೊಂಡು ಹೋಗುವ ಜನ. ಗುಡಾರದ ಮುಂದೆ ಒಬ್ಬ ಹೆಂಗಸು ನಿಂತು ಅಳುತ್ತಿದ್ದಳು. ಅವಳ ಹೆಸರು ನಾಗಮ್ಮ. ಪೊಲೀಸರು ಕರೆದೊಯ್ದದ್ದು ಅವಳ ಗಂಡ ಏಡುಕೊಂಡಲುವನ್ನು. ಸತ್ತ ಹದ್ದನ್ನೂ ಜೊತೆಗೇ ಒಯ್ದಿದ್ದರು. ನಮ್ಮ ಜೀಪಿನ ಗುರುತು ನೋಡಿ ಅವಳು ನನಗೂ ಕೈಮುಗಿದಳು.

"ನಾವು ಕೊಂದಿಲ್ಲಮ್ಮಾ. ಕಂಬದ ಕೆಳಗೆ ಸತ್ತು ಬಿದ್ದಿತ್ತು. ನಾಯಿಗಳು ಎಳೆದಾಡೋಕೆ ಬಂದವು. ಬೆನ್ನ ಮೇಲೆ ಮೆಷಿನ್ ಇದೆ, ಯಾರೋ ಸಾಕಿದ ಪಕ್ಷಿ, ಹುಡುಕಿಕೊಂಡು ಬರ್ತಾರೆ, ಕೊಡೋಣ ಅಂತ ನಮ್ಮವರೇ ಎತ್ತಿಕೊಂಡು ಬಂದರು. ಒದ್ದೆ ಗೋಣಿ ಹೊದಿಸಿ ನೆರಳಲ್ಲಿ ಇಟ್ಟಿದ್ದರು."

"ಯಾವ ಕಂಬ?"

ಅವಳು ತೋರಿಸಿದಳು. ಕಾಲುವೆಯ ಆಚೆ, ಲೇಔಟಿನ ಕಮಾನಿನ ಹಿಂದೆ, ಟ್ರಾನ್ಸ್‌ಫಾರ್ಮರ್ ಇದ್ದ ಹೊಸ ಕಂಬ. ಸುತ್ತಲೂ ಒಂದು ಮರವೂ ಇಲ್ಲದ ಬಯಲಿನಲ್ಲಿ ಹದ್ದು ಕೂರಲು ಅದೊಂದೇ ಎತ್ತರದ ಜಾಗ. ಬುಡದಲ್ಲಿ ಸುಟ್ಟ ಗರಿಗಳು ಬಿದ್ದಿದ್ದವು. ಮೇಲೆ ತಂತಿಗೆ ಯಾವ ಹೊದಿಕೆಯೂ ಇರಲಿಲ್ಲ. ರೆಕ್ಕೆ ಬಿಚ್ಚಿದರೆ ಎರಡು ತಂತಿಗೆ ಒಟ್ಟಿಗೇ ತಾಗುವಷ್ಟು ಹತ್ತಿರ. ಈ ಪಾಠ ನಮ್ಮ ಕೆಲಸದಲ್ಲಿ ಮೊದಲ ವಾರವೇ ಕಲಿಸುತ್ತಾರೆ.

ಪರದೆಯ ಮೇಲೆ ಚುಕ್ಕೆ ಕಾಣುತ್ತದೆ, ಚುಕ್ಕೆ ಸರಿದದ್ದು ಕಾಣುತ್ತದೆ. ಕಂಬ ಕಾಣುವುದಿಲ್ಲ. ನಾಯಿಗಳು ಕಾಣುವುದಿಲ್ಲ. ಒದ್ದೆ ಗೋಣಿ ಹೊದಿಸಿದ ಮನುಷ್ಯ ಕಾಣುವುದಿಲ್ಲ. ಇದನ್ನು ನೀವು ಕಲಿಯದಿದ್ದರೆ ಬೇರೆ ಏನು ಕಲಿತೂ ಪ್ರಯೋಜನವಿಲ್ಲ.

ನಾನು ಅಲ್ಲಿಂದಲೇ ಡಾಕ್ಟರ್ ಸಾಹೇಬರಿಗೆ ಫೋನ್ ಮಾಡಿದೆ. "ಸರ್, ಕರೆಂಟ್ ಹೊಡೆದು ಸತ್ತಿದೆ. ದೂರು ವಾಪಸು ತೆಗೆದುಕೊಳ್ಳಿ."

"ಯಾವ ಲೈನು ಅದು?"

ಹೇಳಿದೆ. ನಮ್ಮ ಪ್ರಾಯೋಜಕ ಕಂಪನಿಯ ಲೇಔಟಿನದೇ ಲೈನು. ಅವರು ಬಹಳ ಮೆತ್ತಗೆ ಹೇಳಿದರು: "ಸರೋಜಾ ಮೇಡಂ, ಬಾತು ಮೇಯಿಸುವವನು ಹದ್ದು ಕೊಲ್ಲುವುದು ಸಹಜ. ಅವನ ಬಾತುಗಳನ್ನು ಅದು ಒಯ್ಯುತ್ತದೆ. ಅವನಿಗೆ ಕಾರಣವಿದೆ. ಕರೆಂಟಿನ ಮಾತು ನೀವು ಯಾರ ಹತ್ತಿರವೂ ಆಡಬೇಡಿ."

"ಕಂಬದ ಕೆಳಗೆ ಸುಟ್ಟ ಗರಿ ಇದೆ ಸರ್."

"ಅಲ್ಲಿ ಗರಿ ಎಲ್ಲಿಂದ ಬಂತೋ ಯಾರಿಗೆ ಗೊತ್ತು?"

ಅಷ್ಟು ವರ್ಷ ಕೆಲಸ ಮಾಡಿದ್ದೇನೆ, ಕೋಪ ಬಂದದ್ದು ಎಷ್ಟೋ ಸಲ. ಮೇಲಧಿಕಾರಿಯ ಫೋನ್ ಕತ್ತರಿಸಿದ್ದು ಅವತ್ತೊಂದೇ ಸಲ. ಮೈಮೇಲೆ ಬಿಳಿ ಕೋಟು ಹಾಕಿ, ಹಕ್ಕಿಗಳನ್ನು ಉಳಿಸುತ್ತೇನೆಂದು ಶಾಲೆಗಳಲ್ಲಿ ಭಾಷಣ ಮಾಡುವ ಮನುಷ್ಯ!

ನಾವು ಹೊರಡುವಷ್ಟರಲ್ಲಿ ಇನ್ನೊಂದು ಅನಾಹುತವಾಯಿತು. ಗಲಾಟೆಯಲ್ಲಿ ಯಾರೋ ದೊಡ್ಡಿಯ ಬಲೆ ತುಳಿದಿದ್ದರು. ಬಾತುಗಳು ಹೊರಬಿದ್ದು ಪಕ್ಕದ ಉದ್ದಿನ ಹೊಲಕ್ಕೆ ನುಗ್ಗಿದ್ದವು. ಆ ಹೊಲಕ್ಕೆ ಅಂದೇ ಔಷಧಿ ಹೊಡೆದಿದ್ದರು. ನಾಗಮ್ಮ ಒಬ್ಬಳೇ ಕೂಗುತ್ತಾ ಓಡಿದಳು. ನಾನೂ ಅಪ್ಪಲರಾಜುವೂ ಹಿಂದೆ ಓಡಿದೆವು. ಬಾತುಗಳಿಗೆ ನಮ್ಮ ದನಿಯ ಪರಿಚಯವಿಲ್ಲ, ನಾವು ಬಲಕ್ಕೆ ಹೋದರೆ ಅವು ಎಡಕ್ಕೆ. ಅವಳು ಹೊಡೆದುಕೊಂಡು ಬಂದವು ಬಂದವು. ಉಳಿದವು ಹೊಲದ ನಡುವೆಯೇ ಕತ್ತು ವಾಲಿಸಿ ಕುಳಿತವು. ಸಂಜೆಯೊಳಗೆ ಅವು ಸತ್ತವು. ಏಡುಕೊಂಡಲು ಇದ್ದಿದ್ದರೆ ಒಂದು ಶಿಳ್ಳೆಗೆ ವಾಪಸು ಬರುತ್ತಿದ್ದವಂತೆ. ನಾಗಮ್ಮ ಹೇಳಿ ಹೇಳಿ ಅತ್ತಳು.

ಠಾಣೆಯಲ್ಲಿ ಸಬ್‌ಇನ್‌ಸ್ಪೆಕ್ಟರು ಮರ್ಯಾದೆಯಾಗಿಯೇ ಕೂರಿಸಿದರು. "ಮೇಡಂಗಾರು, ದೂರು ಕೊಟ್ಟದ್ದು ನಿಮ್ಮ ನಿರ್ದೇಶಕರು. ಕೊಂದಿಲ್ಲ ಅನ್ನುತ್ತಿರುವುದು ನೀವು. ನಿಮ್ಮ ನಿಮ್ಮಲ್ಲೇ ಮೊದಲು ಮಾತಾಡಿಕೊಂಡು ಬನ್ನಿ." ಬೆಂಚಿನ ಪಕ್ಕ, ನೆಲದ ಮೇಲೆ ಏಡುಕೊಂಡಲು ಕೂತಿದ್ದ. ನಡುವಯಸ್ಸಿನ, ಬಿಸಿಲಿಗೆ ಸುಟ್ಟ ಮನುಷ್ಯ. ಒಂದು ಕೆನ್ನೆ ಊದಿತ್ತು. ಆಗಲೇ ಪತ್ರಿಕೆಯವರು ಬಂದು ಅವನ ಕೈಗೆ ಸತ್ತ ಹದ್ದನ್ನು ಕೊಟ್ಟು ಫೋಟೋ ತೆಗೆದುಕೊಂಡು ಹೋಗಿದ್ದರು.

"ಹಕ್ಕಿಯನ್ನು ಪರೀಕ್ಷೆಗೆ ಕಳಿಸಿ. ಅದಾಗುವವರೆಗೆ ನಾನು ಇಲ್ಲಿಂದ ಏಳುವುದಿಲ್ಲ" ಎಂದೆ. ಏಳಲೂ ಇಲ್ಲ. ಕೊನೆಗೆ ಅರಣ್ಯ ಇಲಾಖೆಯವರನ್ನು ಕರೆಸಿದರು. ಎಲ್ಲರೂ ಪಶು ಆಸ್ಪತ್ರೆಗೆ ಹೋದೆವು. ಅಲ್ಲಿನ ವೈದ್ಯೆ ವಯಸ್ಸಿನಲ್ಲಿ ನನಗೆ ಮಗಳಾಗುವಷ್ಟು ಚಿಕ್ಕವಳು. ಹದ್ದಿನ ಕಾಲ್ಬೆರಳು ಸುಟ್ಟು ಕರಕಲಾಗಿರುವುದನ್ನು, ರೆಕ್ಕೆಯಲ್ಲಿ ಗರಿಗಳ ಬುಡ ಬೆಂದಿರುವುದನ್ನು ಎಲ್ಲರಿಗೂ ತೋರಿಸಿದಳು. ಗುಂಡಿಲ್ಲ, ವಿಷವಿಲ್ಲ, ಕಲ್ಲೇಟಿಲ್ಲ. ಅವಳು ಬರೆಯುತ್ತಿದ್ದಾಗ ಫೋನ್ ಬಂತು. ಆ ಕಡೆಯ ದನಿ ನನಗೆ ಗೊತ್ತಿತ್ತು, ಡಾಕ್ಟರ್ ಸಾಹೇಬರದು. ಕಾರಣ ಖಚಿತವಿಲ್ಲ ಎಂದು ಬರೆಯಲು ಹೇಳುತ್ತಿದ್ದರು.

"ಸರ್, ನನಗೆ ಖಚಿತವಾಗಿದೆ" ಎಂದಳು ಆ ಹುಡುಗಿ. ಫೋನಿಟ್ಟು ಬರವಣಿಗೆ ಮುಂದುವರಿಸಿದಳು. ಕಾಯಂ ಕೆಲಸವೂ ಆಗಿರಲಿಲ್ಲ ಅವಳಿಗೆ. ಈ ಕಥೆಯಲ್ಲಿ ನಿಮಗೆ ಯಾರನ್ನಾದರೂ ಅನುಸರಿಸಬೇಕು ಅನಿಸಿದರೆ ಅವಳನ್ನು ಅನುಸರಿಸಿ.

ಏಡುಕೊಂಡಲುವನ್ನು ಬಿಟ್ಟರು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಮರುದಿನ ಪತ್ರಿಕೆಯಲ್ಲಿ ಅವನ ಫೋಟೋ ಬಂತು: ಅಪರೂಪದ ಹದ್ದಿನ ಹಂತಕ ಸೆರೆ. ಬಿಟ್ಟ ಸುದ್ದಿ ಎಲ್ಲೂ ಬರಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ವಿಶಾಖಪಟ್ಟಣದ ಒಂದು ಹೋಟೆಲಿನಲ್ಲಿ ನಮ್ಮ ವಾರ್ಷಿಕ ಸಭೆ. ಮುಂದಿನ ಸಾಲಿನಲ್ಲಿ ಪ್ರಾಯೋಜಕ ಕಂಪನಿಯವರು. ಡಾಕ್ಟರ್ ಸಾಹೇಬರು ನಕಾಶೆ ತೋರಿಸುತ್ತಾ ಬಂದರು. ಪೆದ್ದಮ್ಮನ ಗೆರೆ ಮಂಗಳಗಿರಿಯ ಆಚೆ ನಿಂತಿತ್ತು. ಅಲ್ಲೊಂದು ಕೆಂಪು ಗುರುತು, ಪಕ್ಕದಲ್ಲಿ 'ಬೇಟೆಗೆ ಬಲಿ' ಎಂಬ ಬರಹ.

ನಾನು ಎದ್ದು ನಿಂತೆ. "ಅದು ಸುಳ್ಳು. ಆ ಹಕ್ಕಿ ಸತ್ತದ್ದು ಕರೆಂಟಿನಿಂದ. ಆ ಕಂಬದ ಒಡೆಯರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ" ಎಂದೆ.

ಡಾಕ್ಟರ್ ಸಾಹೇಬರು ನಕ್ಕರು. "ಸರೋಜಾ ಮೇಡಂ ಆ ಹಕ್ಕಿಯನ್ನು ಬಹಳ ಹಚ್ಚಿಕೊಂಡಿದ್ದರು. ನಿವೃತ್ತಿಯ ಸಮಯ ಬೇರೆ, ಮನಸ್ಸು ಮೃದುವಾಗಿರುತ್ತದೆ" ಎಂದು ಮುಂದಿನ ಚಿತ್ರಕ್ಕೆ ಹೋದರು. ಜನ ಚಪ್ಪಾಳೆಯನ್ನೂ ತಟ್ಟಿದರು. ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಬಂದು, ನೀವು ಹೇಳಿದ್ದು ಸರಿ ಮೇಡಂ ಎಂದು ಪಿಸುಗುಟ್ಟಿದರು. ಪಿಸುಗುಟ್ಟುವವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವರಲ್ಲಿ ಇಬ್ಬರು ಎದ್ದು ನಿಂತಿದ್ದರೆ ಆ ಕೆಂಪು ಗುರುತು ಅಳಿಸಬೇಕಾಗುತ್ತಿತ್ತು.

ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ಪ್ರಹ್ಲಾದ, "ಒಂದ್ ವರ್ಷ ಸರ್ವೀಸ್ ಐತಿ, ಸುಮ್ನಿದ್ದಿದ್ರೆ ಏನಾಗ್ತಿತ್ತು?" ಎಂದರು. ನಾನು ಬ್ಯಾಗು ಒಳಗಿಡುವಷ್ಟರಲ್ಲಿ ಅವರೇ, "ನೀ ಸುಮ್ನಿದ್ದಿದ್ರೆ ನಾನೇ ಬೈತಿದ್ದೆ ಅನ್ಸುತ್ತ ಬಿಡು" ಎಂದು ಚಹಾ ಮಾಡಲು ಎದ್ದರು.

ನನ್ನನ್ನು ಹೊರಗಿನ ಕೆಲಸದಿಂದ ತೆಗೆದು ಆಫೀಸಿನಲ್ಲಿ ಕೂರಿಸಿದರು. ಲೇಔಟ್ ಕಂಪನಿ ಆ ಕಂಬಗಳ ತಂತಿಗೆಲ್ಲ ಸದ್ದಿಲ್ಲದೆ ಹೊದಿಕೆ ಹಾಕಿಸಿತು. ಸಂತೋಷ. ಆದರೆ ಮುಂದಿನ ತಿಂಗಳ ಅವರ ಜಾಹೀರಾತಿನಲ್ಲಿ ದೊಡ್ಡ ಹದ್ದಿನ ಚಿತ್ರ ಇತ್ತು. ಹದ್ದುಗಳು ನೆಮ್ಮದಿಯಾಗಿ ಹಾರುವ ಬಡಾವಣೆಯಲ್ಲಿ ಮನೆ ಕಟ್ಟಿಕೊಳ್ಳಿ ಎಂದು ಬರೆದಿದ್ದರು. ಅದನ್ನು ಓದಿ ನಾನು ಪತ್ರಿಕೆಯನ್ನು ಹರಿದು ಹಾಕಿದೆ.

2019ರ ವಸಂತಕ್ಕೆ ನಾನು ನಿವೃತ್ತಳಾದೆ. ಬಳ್ಳಾರಿಗೆ ಹೊರಡುವ ಮುಂಚೆ ಏಡುಕೊಂಡಲುವನ್ನು ಒಮ್ಮೆ ನೋಡಬೇಕೆನಿಸಿತು. ಅಪ್ಪಲರಾಜು ರಜೆ ಹಾಕಿ ತನ್ನ ತಮ್ಮನ ಆಟೋ ತಂದ. ಕಾಲುವೆಗಳ ಮೇಲೆ ಕೇಳುತ್ತಾ ಕೇಳುತ್ತಾ ಹೋಗಿ, ಬಹಳ ದೂರದ ಒಂದು ದಂಡೆಯಲ್ಲಿ ಅವರ ಬಿಡಾರ ಪತ್ತೆ ಮಾಡಿದೆವು. ಈ ಸಲ ನಾಲ್ಕೈದು ಗುಡಾರಗಳಿದ್ದವು, ನೆಂಟರೆಲ್ಲ ಒಟ್ಟಿಗಿದ್ದರು. ಏಡುಕೊಂಡಲು ನನ್ನನ್ನು ಗುರುತಿಸಿ ನೀರು ಕೊಟ್ಟ. ಮುಖದಲ್ಲಿ ನಗುವಿರಲಿಲ್ಲ.

"ಆ ಕಡೆಗೆ ನಾವು ಹೋಗೋದೇ ಇಲ್ಲಮ್ಮಾ. ಈಗ ಪಕ್ಷಿ ಸತ್ತು ಬಿದ್ದಿದ್ದರೂ ದಾಟಿಕೊಂಡು ಹೋಗಿಬಿಡ್ತೀವಿ" ಎಂದ. ನಮ್ಮ ಕೆಲಸಕ್ಕೆ ಇದಕ್ಕಿಂತ ದೊಡ್ಡ ನಷ್ಟ ಮತ್ತೊಂದಿಲ್ಲ. ಅದನ್ನು ಯಾವ ವರದಿಯಲ್ಲೂ ಯಾರೂ ಬರೆಯಲಿಲ್ಲ.

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವನು ಕೈ ಅಡ್ಡ ಹಿಡಿದ. "ನನಗೆ ಹೇಳಬೇಡಿ. ನನಗೆ ಗೊತ್ತಲ್ಲ. ಇವರಿಗೆ ಹೇಳಿ. ಪೇಪರ್ ಬಂದಾಗಿನಿಂದ ಎಲ್ಲರೂ ನನ್ನನ್ನು ಹದ್ದು ಕೊಂದವನು ಅಂತಾರೆ. ತಂಗಿಯ ಸಂಬಂಧ ಅದಕ್ಕೇ ಮುರಿದುಹೋಯಿತು."

ಅವನೇ ಎಲ್ಲರನ್ನೂ ಕೂಗಿ ಕರೆದ. ಗಂಡಸರು ಬೀಡಿ ಹಿಡಿದುಕೊಂಡೇ ಬಂದು ನಿಂತರು, ಹೆಂಗಸರು ಗುಡಾರದ ಬಾಗಿಲಲ್ಲಿ. ನಾನು ಆ ದಂಡೆಯ ಮೇಲೆ ನಿಂತು ತೆಲುಗಿನಲ್ಲಿ ಹೇಳಿದೆ: ಹಕ್ಕಿ ಕರೆಂಟಿನಿಂದ ಸತ್ತಿತು, ಈ ಮನುಷ್ಯ ಅದನ್ನು ನಾಯಿಗಳಿಂದ ಉಳಿಸಿ ಇಟ್ಟಿದ್ದ, ದೂರು ಕೊಟ್ಟವರು ಸುಳ್ಳು ಹೇಳಿದರು.

"ಇನ್ನೊಂದು ಸಲ ಹೇಳಿ ಅಮ್ಮಾ" ಎಂದ ಏಡುಕೊಂಡಲು. "ಆ ಕೊನೆಯಲ್ಲಿ ನಮ್ಮ ಮಾವ ನಿಂತಿದ್ದಾರೆ. ಅವರಿಗೆ ಕಿವಿ ಮಂದ."

ಮುದುಕನ ಹತ್ತಿರವೇ ಹೋಗಿ, ಗಟ್ಟಿಯಾಗಿ, ಮೊದಲಿನಿಂದ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಅಳಿಯನನ್ನು ಒಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಸುಳ್ಳು ಹೇಳಿದವರು ಯಾಕೆ ಬರಲಿಲ್ಲ? ಅವರಿಗೆ ಕಾರಿಲ್ಲವೇ?" ಎಂದು ಕೇಳಿದರು.

"ಇದೆ" ಎಂದೆ.